ಮೂಗಿನ ಬೇನೆ ಮತ್ತು ಮಾಜಿ ಯೋಧನ ಹಕ್ಕು

ತರೀಕೆರೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಯನ್ನು ಏರುವವರಿಗೆ ತಿರುವು ತಿರುವಿನಲ್ಲಿಯೂ ಮಂಜು ಎದುರಾಗುತ್ತದೆ. ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದ ಈ ಗಿರಿಧಾಮವು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿತ್ತು. ಇಲ್ಲಿಯ ಕಬ್ಬಿಣದ ಅದಿರು ಒಂದು ಕಾಲದಲ್ಲಿ ಭದ್ರಾವತಿಯ ಕಾರ್ಖಾನೆಯ ಕುಲುಮೆಯನ್ನು ಸೇರುತ್ತಿತ್ತು. ಪ್ರವಾಸಿಗನ ಮೈಮನಗಳಿಗೆ ಹಿತವೆನಿಸುವ ಇಲ್ಲಿಯ ತಣ್ಣನೆಯ ಗಾಳಿಯು ಸೈನಸ್ ಬೇನೆಯುಳ್ಳವನಿಗೆ ಮಾತ್ರ ಹಣೆಗೆ ಮೊಳೆ ಹೊಡೆದಂತಾಗುತ್ತದೆ.

ಈ ಬೆಟ್ಟದ ತಪ್ಪಲಿನ ಒಂದು ಸಂಸಾರವನ್ನು ಓದುಗ ಬಂಧುಗಳು ಕಲ್ಪಿಸಿಕೊಳ್ಳಬೇಕು. ಮನೆಯ ಯಜಮಾನರು ಹದಿನೇಳು ವರ್ಷ ಸೈನ್ಯದಲ್ಲಿ ದುಡಿದವರು. ಲಡಾಖಿನ ಹಿಮದಲ್ಲಿಯೂ ರಾಜಸ್ಥಾನದ ಮರಳಿನಲ್ಲಿಯೂ ಕಾವಲು ನಿಂತವರು. ಸೇರುವಾಗ ಆರೋಗ್ಯವಂತರಾಗಿದ್ದ ಅವರು ಮರಳಿ ಬಂದದ್ದು ಸದಾ ಕಟ್ಟಿದ ಮೂಗು, ತಲೆನೋವು, ಮಂದವಾದ ಕಿವಿ ಮತ್ತು ಉಬ್ಬಸದೊಡನೆ. ಅಂಗವೈಕಲ್ಯ ಪಿಂಚಣಿಯ ಕೋರಿಕೆಗೆ ‘ಸೇವೆಗೆ ಸಂಬಂಧಿಸಿದ್ದಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದಿತು. ಮನೆಯಾಕೆ ಆ ಪತ್ರವನ್ನು ಟ್ರಂಕಿನ ತಳದಲ್ಲಿ ಇಟ್ಟರು. “ಸರ್ಕಾರವೇ ಇಲ್ಲವೆಂದ ಮೇಲೆ ಇನ್ನೇನು?” ಎಂದು ಇಬ್ಬರೂ ಸುಮ್ಮನಾದರು. ಇಂತಹ ಮೌನವು ಅನೇಕ ಮನೆಗಳಲ್ಲಿದೆ. ಅದನ್ನು ಮುರಿಯಬೇಕೆಂಬುದೇ ಈ ಲೇಖನದ ಉದ್ದೇಶ.

ಬೇನೆಯ ಸ್ವರೂಪ

ಹಣೆ, ಕೆನ್ನೆ ಮತ್ತು ಕಣ್ಣುಗಳ ನಡುವಣ ಮೂಳೆಗಳಲ್ಲಿಯೂ ಮೂಗಿನ ಹಿಂಭಾಗದಲ್ಲಿಯೂ ಗಾಳಿ ತುಂಬಿದ ನಾಲ್ಕು ಜೊತೆ ಪೊಳ್ಳುಗಳಿವೆ. ಇವೇ ಸೈನಸ್‌ಗಳು. ಇವುಗಳ ಕಿರಿದಾದ ಬಾಯಿ ಊದಿಕೊಂಡು ಮುಚ್ಚಿದರೆ ಒಳಗಿನ ಲೋಳೆಯು ಹೊರಬರಲಾರದೆ ಸೋಂಕಿಗೆ ಎಡೆಯಾಗುತ್ತದೆ. ಹನ್ನೆರಡು ವಾರಗಳನ್ನು ಮೀರಿ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸ್ ರೋಗವೆನ್ನುತ್ತಾರೆ. ನಮ್ಮ ಹಿರಿಯರು ಪೀನಸವೆಂದು ಕರೆಯುತ್ತಿದ್ದುದು ಇಂತಹ ಬೇನೆಯನ್ನೇ. ಮೂಗಿನಿಂದ ಕಿವಿಗೆ ಒಂದು ನಾಳವಿರುವುದರಿಂದ ಕಿವಿಯೂ ಕೆಡಬಹುದು. ಉಬ್ಬಸವಿರುವವರಲ್ಲಿ ಅದು ಹೆಚ್ಚಬಹುದು. ಶುಷ್ಕವಾದ ಶೀತಗಾಳಿ, ಧೂಳು, ಡೀಸೆಲ್ ಮತ್ತು ಸೀಮೆಎಣ್ಣೆಯ ಹೊಗೆ ಈ ಬೇನೆಯನ್ನು ಕೆರಳಿಸುತ್ತವೆ. ಸೈನಿಕನ ಬಾಳಿನಲ್ಲಿ ಇವು ಯಾವುವೂ ಅಪರೂಪವಲ್ಲ.

ಗುಂಡೇಟಿನ ಕಲೆ ಎಲ್ಲರಿಗೂ ಕಾಣುತ್ತದೆ, ಮೂಗಿನ ಬೇನೆ ಕಾಣುವುದಿಲ್ಲ. “ನೆಗಡಿಗೆಲ್ಲ ಆಸ್ಪತ್ರೆಗೆ ಹೋಗುವುದೇ?” ಎಂಬ ಸಂಕೋಚದಿಂದ ಯೋಧನು ಅದನ್ನು ದಾಖಲೆಗೆ ತರುವುದೇ ಇಲ್ಲ. ಮುಂದೆ ಅವನ ಅರ್ಜಿಗೆ ಮುಳ್ಳಾಗುವುದು ಈ ಸಂಕೋಚವೇ.

ನಿಯಮ ಏನು ಹೇಳುತ್ತದೆ?

ಅಂಗವೈಕಲ್ಯ ಪಿಂಚಣಿಗೆ ಮುಖ್ಯವಾಗಿ ಎರಡು ಅಂಶಗಳು ಬೇಕು. ಬೇನೆಯು ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಗೊಂಡಿರಬೇಕು. ಅದರ ಪ್ರಮಾಣ ಶೇಕಡಾ 20ಕ್ಕೆ ಕಡಿಮೆಯಿರಬಾರದು. ಮೂಗಿನ ಬೇನೆಯೊಂದನ್ನೇ ಅಳೆದಾಗ ಈ ಪ್ರಮಾಣವನ್ನು ಮುಟ್ಟದಿರಬಹುದು. ಆದ್ದರಿಂದ ಕಿವುಡು, ಉಬ್ಬಸ ಮೊದಲಾದ ಜೊತೆಯ ಬೇನೆಗಳನ್ನೂ ವೈದ್ಯಕೀಯ ಮಂಡಳಿಯು ಬೇರೆ ಬೇರೆಯಾಗಿ ಬರೆದು ಒಟ್ಟು ಪ್ರಮಾಣವನ್ನು ನಿಗದಿ ಮಾಡಿದೆಯೇ ಎಂದು ನೋಡುವುದು ಅಗತ್ಯ.

1982ರ ನಿಯಮಾವಳಿಯು ಯೋಧನ ಪರವಾಗಿ ಒಂದು ದೊಡ್ಡ ತತ್ತ್ವವನ್ನು ಇರಿಸಿತ್ತು. ಸೈನ್ಯಕ್ಕೆ ಸೇರುವಾಗ ಬೇನೆಯ ಉಲ್ಲೇಖವಿಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ರುಜುವಾತಿನ ಹೊರೆ ಯೋಧನ ಮೇಲಿಲ್ಲ. ಸಂದೇಹವಿದ್ದಲ್ಲಿ ಅದರ ಲಾಭ ಅವನಿಗೇ ಸಲ್ಲಬೇಕು. ಸಿಗ್ನಲ್ಸ್ ದಳದ ಧರ್ಮವೀರ್ ಸಿಂಗ್ ಎಂಬ ಯೋಧರನ್ನು ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ಕಾರಣಗಳನ್ನು ಕೊಡದೆ ‘ಸೇವೆಗೆ ಸಂಬಂಧವಿಲ್ಲ’ ಎಂದ ವೈದ್ಯಕೀಯ ಅಭಿಪ್ರಾಯವನ್ನು ಒಪ್ಪದ ಸುಪ್ರೀಂ ಕೋರ್ಟು 2013ರಲ್ಲಿ ಅವರಿಗೆ ಪಿಂಚಣಿಯ ಹಕ್ಕನ್ನು ಎತ್ತಿಹಿಡಿಯಿತು. ಆ ಮೊಕದ್ದಮೆ ಮೂಗಿನ ಬೇನೆಯದಲ್ಲ. ಆದರೆ ಅದರ ತತ್ತ್ವ ಎಲ್ಲ ಬೇನೆಗಳಿಗೂ ಅನ್ವಯಿಸುತ್ತದೆ. ಹಾಗೆಂದು ಪ್ರತಿ ಅರ್ಜಿಯೂ ಗೆಲ್ಲುವುದೆಂದು ತಿಳಿಯಬಾರದು. ವೈದ್ಯಕೀಯ ಮಂಡಳಿಯು ಸಕಾರಣವಾಗಿ ಕೊಟ್ಟ ಅಭಿಪ್ರಾಯಕ್ಕೆ ನ್ಯಾಯಾಲಯಗಳು ಬೆಲೆ ಕೊಟ್ಟೇ ಕೊಡುತ್ತವೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿಯೂ ಜಾರಿಗೆ ಬಂದಿರುವುದರಿಂದ, ಬಿಡುಗಡೆಯ ದಿನಾಂಕಕ್ಕೆ ಯಾವ ನಿಯಮ ಅನ್ವಯಿಸುತ್ತದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಮೊತ್ತದ ವಿಚಾರವೂ ಚಿಕ್ಕದಲ್ಲ. ನೂರಕ್ಕೆ ನೂರು ವೈಕಲ್ಯವಿದ್ದರೆ ಕೊನೆಯ ವೇತನದ ಶೇಕಡಾ 30 ದೊರೆಯುತ್ತದೆ. ಹಿಂದಿನ ನಿಯಮಗಳಡಿ ಬಿಡುಗಡೆಯಾದ ಅರ್ಹರಿಗೆ ಶೇಕಡಾ 50ಕ್ಕಿಂತ ಕಡಿಮೆಯಿರುವ ಪ್ರಮಾಣವನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯವಿದೆ. ಅವಧಿ ಪೂರೈಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು ರಾಮ್ ಅವತಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಕೊನೆಯ ವೇತನ 40,000 ರೂಪಾಯಿ ಇದ್ದವರಿಗೆ ಶೇಕಡಾ 20ರ ವೈಕಲ್ಯವೂ ಹೀಗೆ ತಿಂಗಳಿಗೆ 6,000 ರೂಪಾಯಿ ತರುತ್ತದೆ. ಔಷಧದ ಖರ್ಚಿಗೆ, ಮಕ್ಕಳ ಓದಿಗೆ ಅದೊಂದು ಆಸರೆಯಲ್ಲವೇ?

ಮೇಲ್ಮನವಿಯ ಮೆಟ್ಟಿಲುಗಳು

ಕೋರಿಕೆ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಅದರ ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. 2007ರ ಕಾಯಿದೆಯಂತೆ ರಚಿತವಾದ ಈ ಮಂಡಳಿ 2009ರಿಂದ ಕಾರ್ಯನಿರ್ವಹಿಸುತ್ತಿದೆ; ಕರ್ನಾಟಕವು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿದೆ.

ತಡವಾದವರೂ ಎದೆಗುಂದಬೇಕಾಗಿಲ್ಲ. 1983ರಲ್ಲಿ ಬಿಡುಗಡೆಯಾಗಿ ಹದಿನಾರು ವರ್ಷಗಳ ಬಳಿಕ ನ್ಯಾಯಾಲಯದ ಮೆಟ್ಟಿಲೇರಿದ ತಾರ್ಸೇಮ್ ಸಿಂಗ್ ಎಂಬ ಯೋಧರಿಗೆ ಪಿಂಚಣಿಯ ಹಕ್ಕು ಉಳಿಯಿತು. ಆದರೆ ಹಿಂಬಾಕಿಯನ್ನು ಅರ್ಜಿ ಹಾಕುವ ಹಿಂದಿನ ಮೂರು ವರ್ಷಗಳಿಗೆ ಮಾತ್ರ ಸೀಮಿತಗೊಳಿಸಿ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿತು. ವಿಳಂಬದಿಂದ ಹಕ್ಕು ಉಳಿದರೂ ವರ್ಷಗಳ ಹಣ ಹೋಗುತ್ತದೆಂಬುದೇ ಇದರ ಪಾಠ.

ಮನೆಯವರು ಮಾಡಬೇಕಾದುದು

ಟ್ರಂಕಿನಲ್ಲಿರುವ ಪತ್ರವನ್ನು ಇಂದೇ ಹೊರತೆಗೆಯಿರಿ. ತಿರಸ್ಕಾರದ ದಿನಾಂಕವನ್ನೂ ಕಾರಣವನ್ನೂ ಗುರುತು ಹಾಕಿಕೊಳ್ಳಿರಿ. ವೈದ್ಯಕೀಯ ಮಂಡಳಿಯ ನಡವಳಿಯ ಪ್ರತಿ ಇಲ್ಲದಿದ್ದರೆ ದಳದ ದಾಖಲೆ ಕಛೇರಿಗೆ ಬರೆದು ತರಿಸಿಕೊಳ್ಳಿರಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿಯೂ ಕೇಳಬಹುದು. ಯಾವ ವರ್ಷ ಎಲ್ಲಿ ಕೆಲಸ, ಬೇನೆ ಮೊದಲು ಕಂಡದ್ದು ಎಂದು, ಯಾವ ಸೈನಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಎಂಬುದನ್ನು ಕ್ರಮವಾಗಿ ಬರೆದಿಡಿರಿ. ಕಿವಿ, ಮೂಗು, ಗಂಟಲಿನ ತಜ್ಞರ ಇತ್ತೀಚಿನ ವರದಿಯನ್ನೂ ಸ್ಕ್ಯಾನ್ ಚಿತ್ರವನ್ನೂ ಜೊತೆಗಿಡಿರಿ. ಮೇಲ್ಮನವಿಯ ಬರವಣಿಗೆಗೆ ಸೈನಿಕ ಕಲ್ಯಾಣ ಇಲಾಖೆಯ ಮಾರ್ಗದರ್ಶನ ಪಡೆಯಿರಿ. ಇಲ್ಲದ ಬೇನೆಯನ್ನು ಬರೆಯಬೇಡಿರಿ, ಇರುವುದನ್ನು ಮುಚ್ಚಿಡಲೂಬೇಡಿರಿ. ಸೇವೆಯಲ್ಲಿರುವ ಮಕ್ಕಳಿದ್ದರೆ, “ಮೂಗು ಕಟ್ಟಿದರೂ ವೈದ್ಯರಿಗೆ ತೋರಿಸಿ ಬರೆಯಿಸು, ಮಗಾ” ಎಂದು ಈಗಲೇ ತಿಳಿಸಿರಿ.

ಕಾಯಕವನ್ನು ಪೂಜ್ಯವೆಂದು ನಂಬಿದ ಮನೆತನಗಳಲ್ಲಿ ಕೈಯೊಡ್ಡಿ ಕೇಳುವುದಕ್ಕೆ ಸಂಕೋಚವಿರುವುದು ಸಹಜ. ಆದರೆ ಈ ಪಿಂಚಣಿಯು ದಾನವಲ್ಲ, ಕಾಯಕ ಮಾಡಿದವನಿಗೆ ಸಲ್ಲಬೇಕಾದ ಬಾಕಿ. ದೇಶದ ಗಡಿಯಲ್ಲಿ ಉಸಿರನ್ನು ಸವೆಸಿದವನು ತನ್ನ ಊರಿನ ಮಂಜಿನಲ್ಲಿ ನೆಮ್ಮದಿಯಿಂದ ಉಸಿರಾಡುವಂತಾಗಲಿ. ಅದಕ್ಕೆ ಬೇಕಾದ ಮೊದಲ ಅಕ್ಷರವನ್ನು ಮನೆಯ ಓದುಬರಹ ಬಲ್ಲ ಮಗನೋ ಮಗಳೋ ಇಂದೇ ಬರೆಯಲಿ.