ಕೆರೆಯಂಗಳದ ಹಸಿರು ಹುಲ್ಲು, ದನದ ಪಿತ್ತಜನಕಾಂಗದ ಹುಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಬರದ ಸೀಮೆಯೆಂದು ಕರೆಯುವುದು ರೂಢಿ. ಜೌಗು ನೆಲದ ರೋಗಗಳೇನಿದ್ದರೂ ಮಲೆನಾಡಿನ ಕಾಫಿ ಬೆಳೆಗಾರರ ಗದ್ದೆಬಯಲಿನವು, ನಮ್ಮವಲ್ಲ ಎಂದು ನಾವು ತಿಳಿದಿರುತ್ತೇವೆ. ವೈದ್ಯರು ಲಿವರ್ ಫ್ಲೂಕ್ ಎಂದು ಕರೆಯುವ ಪಿತ್ತಜನಕಾಂಗದ ಹುಳುವಿನ ವಿಷಯದಲ್ಲಿ ಈ ನಂಬಿಕೆ ಅಪಾಯಕರ. ನೆಲ ಒಣಗಿದಷ್ಟೂ ದನಗಳೆಲ್ಲ ನೀರಿರುವ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಬೇಸಿಗೆಯಲ್ಲಿ ಹಸಿರು ಹುಲ್ಲು ಸಿಗುವುದು ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ, ಇಲ್ಲವೆ ನಮ್ಮ ಅಡಿಕೆ ತೋಟದ ಕಾಲುವೆ ಬದಿಯಲ್ಲಿ. ಹುಳು ಕಾದಿರುವುದೂ ಅಲ್ಲಿಯೇ.

2022ರ ಭಾರಿ ಮಳೆಗೆ ಈ ಭಾಗದ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಕಳ್ಳಂಬೆಳ್ಳ, ಸಿರಾ ಕೆರೆಗಳು ಹೇಮಾವತಿ ನೀರನ್ನೂ ಕಂಡಿವೆ. ನೀರು ಬಂದದ್ದು ಸಂತೋಷವೇ. ಆದರೆ ನೀರು ನಿಂತಲ್ಲಿ ಬಸವನಹುಳುವೂ ನೆಲೆಸುತ್ತದೆ.

ರೋಗಪೀಡಿತ ದನದ ಸಗಣಿಯಲ್ಲಿ ಹುಳುವಿನ ಮೊಟ್ಟೆಗಳಿರುತ್ತವೆ. ಅವು ನೀರು ಸೇರಿ ಒಡೆದು, ಮರಿ ಒಂದು ಜಾತಿಯ ಸಿಹಿನೀರಿನ ಬಸವನಹುಳುವಿನ ಮೈಯನ್ನು ಹೊಗುತ್ತದೆ. ಅಲ್ಲಿ ಒಂದು ಹತ್ತಾಗಿ, ಹತ್ತು ನೂರಾಗಿ ಹೊರಬಂದು, ನೀರಂಚಿನ ಹುಲ್ಲಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಪ್ಪಾಗಿ ಅಂಟಿಕೊಳ್ಳುತ್ತದೆ. ಆ ಹುಲ್ಲನ್ನು ಮೇದ ದನದ ಕರುಳನ್ನು ಕೊರೆದು, ಪಿತ್ತಜನಕಾಂಗವನ್ನು ವಾರಗಟ್ಟಲೆ ತಿನ್ನುತ್ತ ಸಾಗಿ, ಕೊನೆಗೆ ಪಿತ್ತನಾಳದಲ್ಲಿ ಎರಡು ಅಂಗುಲ ಉದ್ದದ ಎಲೆಯಂಥ ಚಪ್ಪಟೆ ಹುಳುವಾಗಿ ನೆಲೆಗೊಳ್ಳುತ್ತದೆ.

ಹಸು ಒಮ್ಮೆಲೇ ಬೀಳುವುದಿಲ್ಲವಾದ್ದರಿಂದ ನಾವು ಮೋಸ ಹೋಗುತ್ತೇವೆ. ಹಿಂಡಿ ಹಾಕಿದರೂ ಮೈ ಹಿಡಿಯದು, ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಕಣ್ಣರೆಪ್ಪೆ ಮಗುಚಿ ನೋಡಿದರೆ ಒಳಭಾಗ ಬಿಳಿಚಿರುತ್ತದೆ. ಬಿಟ್ಟು ಬಿಟ್ಟು ಭೇದಿಯಾಗುತ್ತದೆ. ರಕ್ತದ ಸಾರ ಸೋರಿದಂತೆ ಗದ್ದದ ಕೆಳಗೆ ಮೆತ್ತನೆಯ ಊತ ಬರುತ್ತದೆ. ಇದನ್ನು ಗಂಟಲುಬಾವು ಎಂದುಕೊಂಡು ಬರೆ ಹಾಕಿಸುವವರು ಇನ್ನೂ ಇದ್ದಾರೆ. ಮೂಕಪ್ರಾಣಿಗೆ ನೋವಿನ ಮೇಲೆ ನೋವು. ಕುರಿಗಳಲ್ಲಿಯಾದರೋ ಒಮ್ಮೆಗೇ ಹೆಚ್ಚು ಮರಿಹುಳು ಹೊಕ್ಕರೆ ಲಕ್ಷಣ ಕಾಣುವ ಮೊದಲೇ ಸಾವು ಬರಬಹುದು.

ಇನ್ನು ಔಷಧದ ಮಾತು. ಅಂಗಡಿಯಿಂದ ಯಾವುದೋ ಜಂತುಹುಳುವಿನ ಮಾತ್ರೆ ತಂದು ನುಂಗಿಸಿ ಕೆಲಸ ಮುಗಿಯಿತೆನ್ನುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಸಾಮಾನ್ಯವಾಗಿ ಕೊಡುವ ಆಲ್ಬೆಂಡಜೋಲ್ ಬಲಿತ ಹುಳುವಿನ ಮೇಲೆ ಅಷ್ಟಿಷ್ಟು ನಾಟಿದರೂ ಎಳೆಯ ಹುಳುವನ್ನು ಮುಟ್ಟದು. ಆಕ್ಸಿಕ್ಲೋಜನೈಡ್ ಬಲಿತವನ್ನು ಕೊಲ್ಲುತ್ತದೆ. ಟ್ರೈಕ್ಲಾಬೆಂಡಜೋಲ್ ಎಳೆಯವನ್ನೂ ಕೊಲ್ಲುತ್ತದೆ. ಯಾವುದು, ಎಷ್ಟು, ಗಬ್ಬದ ಹಸುವಿಗೆ ಕೊಡಬಹುದೇ, ಆಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಸಗಣಿ ಪರೀಕ್ಷೆ ಮಾಡಿಸಿರಿ. ಆದರೆ ಹುಳು ಹೊಕ್ಕು ಮೂರು ತಿಂಗಳಾಗುವವರೆಗೆ ಸಗಣಿಯಲ್ಲಿ ಮೊಟ್ಟೆ ಕಾಣದು. ಆದ್ದರಿಂದ ದನ ಕೆರೆಯಂಗಳದಲ್ಲಿ ಮೇದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ತೋಟದವರು ಗಮನಿಸಬೇಕಾದದ್ದು ಇನ್ನೊಂದಿದೆ. ಕೊಟ್ಟಿಗೆ ತೊಳೆದ ನೀರನ್ನು ನೇರ ಕಾಲುವೆಗೆ ಬಿಡಬೇಡಿ. ಸಗಣಿ ತಿಪ್ಪೆಯಲ್ಲಿ ಚೆನ್ನಾಗಿ ಬಿಸಿಯೇರಿ ಕೊಳೆತರೆ ಮೊಟ್ಟೆಗಳು ಸಾಯುತ್ತವೆ, ಅಡಿಕೆ ಮರಕ್ಕೂ ಒಳ್ಳೆಯ ಗೊಬ್ಬರ ಸಿಗುತ್ತದೆ. ಕಾಲುವೆ ಬದಿಯ ಹುಲ್ಲನ್ನು ಕೊಯ್ದು ಹಸಿಯಾಗಿ ಹಾಕದೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಿರಿ. ಕುಡಿಯುವ ನೀರನ್ನು ಕೆರೆಯಂಚಿನಲ್ಲಿ ಬಿಡದೆ ತೊಟ್ಟಿಯಲ್ಲಿ ಕೊಡಿರಿ. ಬಾತುಕೋಳಿ ಸಾಕಿದವರ ತೋಟದಲ್ಲಿ ಬಸವನಹುಳು ಕಡಿಮೆಯಾಗುವುದುಂಟು. ಅದನ್ನೇ ನೆಚ್ಚಿ ಔಷಧ ಬಿಡುವಂತಿಲ್ಲ.