ವಿಶ್ರಾಂತಿಯಲ್ಲಿ ಕೆಡುವ ಯಂತ್ರ

ನೀರು ಕಬ್ಬಿಣವನ್ನು ಸೀಳುತ್ತದೆಂದರೆ ಹಾಸನದ ಸೀಮೆಯವರು ಸುಲಭವಾಗಿ ನಂಬಲಾರರು. ಹೊಯ್ಸಳ ರಾಣಿ ಶಾಂತಲೆಯ ಹೆಸರಿನೊಡನೆ ಬೆಸೆದುಕೊಂಡಿರುವ ಶಾಂತಿಗ್ರಾಮದಲ್ಲಿ ಧನುರ್ಮಾಸದ ಮುಂಜಾವು ಎಷ್ಟೇ ಕೊರೆಯಲಿ, ಹಂಡೆಯ ನೀರು ಕಲ್ಲಾಗುವುದಿಲ್ಲ. ಕಂಬಳಿಯನ್ನು ಹೊದೆದು ಬಚ್ಚಲ ಒಲೆಯ ಮುಂದೆ ಕುಳಿತರೆ ನಮ್ಮ ಚಳಿಗಾಲದ ಸಿದ್ಧತೆ ಮುಗಿದಂತೆಯೇ ಸರಿ. ಆದರೆ ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ನೆಲೆಸಿರುವ ಅಮೆರಿಕದ ಮಿಷಿಗನ್, ಮಿನ್ನೆಸೋಟಗಳಂಥ ಸರೋವರಗಳ ನಾಡಿನಲ್ಲಿ ಹಾಗಲ್ಲ. ಅಲ್ಲಿ ಮೋಟಾರು ದೋಣಿಯುಳ್ಳವನಿಗೆ ಎಲೆ ಉದುರುವ ಕಾಲ ಬಂತೆಂದರೆ ಒಂದು ಚಿಂತೆ ಹತ್ತುತ್ತದೆ: ಚಳಿಗಾಲ ಮುಗಿಯುವವರೆಗೆ ಎಂಜಿನನ್ನು ಕ್ಷೇಮವಾಗಿ ಮಲಗಿಸುವುದು ಹೇಗೆ? ಆ ದೂರದ ಚಿಂತೆಯಲ್ಲಿ ನಮಗೂ ಒಂದು ಪಾಠವಿದೆ.

ಮೀನಿಗೆ ವರ, ಎಂಜಿನಿಗೆ ಶಾಪ

ತಣಿದಂತೆಲ್ಲ ಕುಗ್ಗುವುದು ಸಾಮಾನ್ಯವಾಗಿ ಪದಾರ್ಥಗಳ ಧರ್ಮ. ನೀರು ಈ ಧರ್ಮವನ್ನು 4 ಡಿಗ್ರಿ ಸೆಂಟಿಗ್ರೇಡಿನವರೆಗೆ ಮಾತ್ರ ಪಾಲಿಸುತ್ತದೆ. ಅಲ್ಲಿಂದ ಕೆಳಗಿಳಿದರೆ ಹಿಗ್ಗತೊಡಗಿ, ಮಂಜುಗಡ್ಡೆಯಾಗುವಾಗ ತನ್ನ ಗಾತ್ರವನ್ನು ಶೇಕಡ 9ರಷ್ಟು ಹೆಚ್ಚಿಸಿಕೊಳ್ಳುತ್ತದೆ. ಆದುದರಿಂದಲೇ ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ. ಸರೋವರದ ಮೇಲ್ಮೈ ಹೆಪ್ಪುಗಟ್ಟಿದರೂ ಅಡಿಯ ನೀರಿನಲ್ಲಿ ಮೀನು ಬದುಕಿರುತ್ತದೆ.

ಮೀನನ್ನು ಉಳಿಸುವ ಈ ಗುಣವೇ ಎಂಜಿನನ್ನು ಕೊಲ್ಲುತ್ತದೆ. ದೋಣಿಯ ಅನೇಕ ಎಂಜಿನುಗಳು ತಮ್ಮನ್ನು ತಂಪಾಗಿರಿಸಿಕೊಳ್ಳಲು ಕೆಳಗಿನ ನೀರನ್ನೇ ಪಂಪಿನಿಂದ ಎಳೆದುಕೊಂಡು, ಮೈಯೊಳಗೆಲ್ಲ ಹರಿಸಿ, ಹೊರಗೆ ಚೆಲ್ಲುತ್ತವೆ. ಎಂಜಿನು ನಿಂತಾಗ ಒಳಗಿನ ಮೂಲೆಮುಡುಕುಗಳಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎರಕದ ಕಬ್ಬಿಣಕ್ಕೆ ಬೇರೆ ಗತಿಯಿಲ್ಲ. ಎರಕ ಗಟ್ಟಿಯೇನೋ ಹೌದು. ಆದರೆ ಬಳುಕಲಾರದು, ಬಿರಿಯುತ್ತದೆ. ವಿಚಿತ್ರವೆಂದರೆ, ಚಳಿಗಾಲವೆಲ್ಲ ಆ ಮಂಜುಗಡ್ಡೆಯೇ ಬಿರುಕಿಗೆ ಮುಚ್ಚಳವಾಗಿ ಕುಳಿತಿರುತ್ತದೆ. ವಸಂತದಲ್ಲಿ ಅದು ಕರಗಿ, ನೀರು ಎಣ್ಣೆಯೊಡನೆ ಬೆರೆತು, ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗಿದಾಗಲೇ ಒಡೆಯನಿಗೆ ತನ್ನ ನಷ್ಟದ ಅರಿವಾಗುವುದು.

ಮಲಗಿಸುವ ಕ್ರಮ

ಬಲ್ಲವರು ಅನುಸರಿಸುವ ಕ್ರಮ ಹೀಗಿದೆ. ಮೊದಲು ಎಂಜಿನನ್ನು ಸ್ವಲ್ಪ ಹೊತ್ತು ನಡೆಸಿ, ಬೆಚ್ಚಗಾದ ಮೇಲೆ ಹಳೆಯ ಎಣ್ಣೆಯನ್ನು ಹರಿಸಿ ಹೊಸದನ್ನು ತುಂಬುತ್ತಾರೆ. ಬಳಸಿದ ಎಣ್ಣೆಯಲ್ಲಿ ಆಮ್ಲವೂ ತೇವವೂ ಸೇರಿರುತ್ತವೆ. ತಿಂಗಳುಗಟ್ಟಲೆ ಒಳಗೆ ನಿಂತರೆ ಅವು ಲೋಹವನ್ನು ತಿನ್ನುತ್ತವೆ. ಬಳಿಕ ನೀರಿನ ಬಿರಡೆಗಳನ್ನು ಬಿಚ್ಚಬೇಕು. ಬಿಚ್ಚಿದ ಮಾತ್ರಕ್ಕೆ ಕೆಲಸವಾಗಲಿಲ್ಲ. ತುಕ್ಕು, ಮರಳು ತೂತಿಗೆ ಅಡ್ಡ ನಿಂತು ನೀರನ್ನು ಒಳಗೇ ತಡೆದಿರಬಹುದು. ಆದುದರಿಂದ ಒಂದು ತಂತಿಯನ್ನು ತೂರಿಸಿ ಕೆದಕಿ ನೋಡುತ್ತಾರೆ. ಮೂರು ಕಾಸಿನ ಈ ತಂತಿಯು ಲಕ್ಷ ರೂಪಾಯಿಯ ಎಂಜಿನನ್ನು ಉಳಿಸಿರುವುದುಂಟು.

ಅನಂತರ ಹೆಪ್ಪುಗಟ್ಟದ ದ್ರವವನ್ನು ಒಳಗೆ ಹರಿಸಿ, ಅದರ ಬಣ್ಣ ಹೊಗೆಕೊಳವೆಯಲ್ಲಿ ಕಾಣಿಸಿಕೊಳ್ಳುವವರೆಗೆ ಎಂಜಿನನ್ನು ನಡೆಸುತ್ತಾರೆ. ಈ ದ್ರವಗಳ ಮೂಲವಸ್ತುವೇ ಗ್ಲೈಕಾಲ್. ಇದರಲ್ಲಿಯೂ ಒಂದು ಚಮತ್ಕಾರವಿದೆ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಶುದ್ಧ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಸುಮಾರಿನಲ್ಲಿ. ಎರಡನ್ನೂ ಸಮನಾಗಿ ಬೆರೆಸಿದರೆ ಆ ಮಿಶ್ರಣವು ಮೈನಸ್ 35 ಡಿಗ್ರಿಯ ಚಳಿಯನ್ನೂ ತಾಳಬಲ್ಲುದು! ಆದರೆ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕಿದ ನಾಯಿ ಬದುಕುವುದು ಕಷ್ಟ. ದೋಣಿಯಿಂದ ಹೊರಬಿದ್ದುದು ನೀರನ್ನೇ ಸೇರುವುದರಿಂದ, ಅಷ್ಟು ವಿಷವಲ್ಲದ ಪ್ರೊಪಿಲೀನ್ ಗ್ಲೈಕಾಲನ್ನು ಅಲ್ಲಿ ಬಳಸುತ್ತಾರೆ. ನಮ್ಮ ಕಾರುಗಳ ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲೇ. ಅದರ ಡಬ್ಬಿಯನ್ನು ಮಕ್ಕಳ ಕೈಗೆಟುಕದಂತೆ ಇಡುವುದು ಲೇಸು.

ಬ್ಯಾಟರಿಯದು ಇನ್ನೊಂದು ಬಗೆ. ಪೂರ್ಣವಾಗಿ ಚಾರ್ಜ್ ಆದ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲಿಯೂ ಹೆಪ್ಪುಗಟ್ಟದು; ಬರಿದಾದದ್ದು ಮೈನಸ್ 10ರ ಸುಮಾರಿಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಆದುದರಿಂದ ಅದನ್ನು ತುಂಬಿಸಿ, ತಂತಿಗಳನ್ನು ಕಳಚಿ ಇಡುತ್ತಾರೆ.

ಇದೆಲ್ಲ ಪರದೇಶದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಲಡಾಖಿನಲ್ಲಿ 4,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ಪಾಂಗಾಂಗ್ ಸರೋವರವು ಉಪ್ಪುನೀರಿನದಾದರೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಅಲ್ಲಿ ನಮ್ಮ ಸೈನ್ಯದ ಕಾವಲು ದೋಣಿಗಳಿವೆ. ಎತ್ತರದ ಪ್ರದೇಶಗಳೂ ಸೇರಿದಂತೆ ದೊಡ್ಡ ಜಲರಾಶಿಗಳ ಕಾವಲಿಗಾಗಿ ವೇಗದ 12 ದೋಣಿಗಳನ್ನು ಕಟ್ಟಿಕೊಡುವಂತೆ ಸೈನ್ಯವು ಗೋವಾ ಶಿಪ್‌ಯಾರ್ಡಿನೊಡನೆ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಕಾರವಾರದ ನೆರೆಯಲ್ಲಿ, ಬೆವರು ಸುರಿಯುವ ಕಡಲ ತೀರದಲ್ಲಿ ಹುಟ್ಟುವ ದೋಣಿಗಳಿಗೂ ಹೀಗೆ ಹಿಮದ ಸಹವಾಸ ತಪ್ಪಿದ್ದಲ್ಲ.

ನಮ್ಮ ಕರಾವಳಿಯ ಚಳಿಗಾಲ

ಶಾಂತಿಗ್ರಾಮವನ್ನು ಹಾದು ಹೋಗುವ ಹೆದ್ದಾರಿಯೇ ಸಕಲೇಶಪುರ, ಶಿರಾಡಿ ಘಾಟಿಗಳನ್ನು ದಾಟಿ ಮಂಗಳೂರನ್ನು ಮುಟ್ಟುತ್ತದೆ. ಆ ಕಡಲತೀರದಲ್ಲಿ ಹಿಮವಿಲ್ಲ. ಆದರೆ ದೋಣಿಗಳಿಗೆ ವಿಶ್ರಾಂತಿಯ ಕಾಲ ಉಂಟು. ಪ್ರತಿ ವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ಕಾರವಾರದಲ್ಲಿ ಬೋಟುಗಳು ಸಾಲಾಗಿ ಮಲಗುತ್ತವೆ. ಮುಂಗಾರಿನ ಈ ಎರಡು ತಿಂಗಳುಗಳೇ ಅವುಗಳ ಪಾಲಿನ ಚಳಿಗಾಲ.

ನಮ್ಮ ಮೀನುಗಾರಿಕೆಗೆ ಎಂಜಿನು ಬಂದ ಕಥೆಯಲ್ಲಿ ಒಂದು ಚಳಿದೇಶದ ಹೆಸರೂ ಇದೆ. ನಾರ್ವೆ, ಭಾರತ, ವಿಶ್ವಸಂಸ್ಥೆಗಳು 1952ರಲ್ಲಿ ಒಪ್ಪಂದ ಮಾಡಿಕೊಂಡು ಕೇರಳದಲ್ಲಿ ಆರಂಭಿಸಿದ ಯೋಜನೆಯು 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿತು.

ಇಲ್ಲಿ ಶತ್ರು ಮಂಜುಗಡ್ಡೆಯಲ್ಲ, ಉಪ್ಪು. ಕಡಲ ನೀರು ಹರಿದ ಕೊಳವೆಗಳನ್ನು ಸಿಹಿನೀರಿನಿಂದ ತೊಳೆಯದೆ ಬಿಟ್ಟರೆ ಉಪ್ಪು ಅಂಟಿಕೊಂಡು ಲೋಹವನ್ನು ಕೊರೆಯುತ್ತದೆ. ಲೋಹದ ಭಾಗಗಳ ಬಳಿ ಕೂರಿಸಿರುವ ಸತುವಿನ ತುಂಡುಗಳು ತಾವೇ ಸವೆದು ಉಳಿದುದನ್ನು ಕಾಯುತ್ತವೆ, ಸವೆದುಹೋದವನ್ನು ಬದಲಿಸಬೇಕು. ಅರ್ಧ ತುಂಬಿದ ಡೀಸೆಲ್ ಟ್ಯಾಂಕಿನೊಳಗೆ ಮಳೆಗಾಲದ ತೇವ ಹನಿಗಟ್ಟಿ ತಳ ಸೇರುತ್ತದೆ. ನೀರಿನ ಪಂಪಿನ ರಬ್ಬರು ರೆಕ್ಕೆಗಳು ಒಂದೇ ಭಂಗಿಯಲ್ಲಿ ಮಡಿಸಿಕೊಂಡಿದ್ದು ಬಿಗಿಯಾಗುತ್ತವೆ.

ಇವನ್ನು ಕಡೆಗಣಿಸಿದುದರ ಫಲ ತಿಳಿಯುವುದು ಆಗಸ್ಟಿನಲ್ಲಿ. ಮುಂಗಾರಿನ ಉಬ್ಬರವಿನ್ನೂ ಇಳಿದಿರುವುದಿಲ್ಲ. ಬೋಟು ಅಳಿವೆಬಾಯಿಯನ್ನು ದಾಟುವಾಗ ಎಂಜಿನು ನಿಂತುಹೋದರೆ ಅಲೆಗಳು ಅದನ್ನು ಮರಳುದಿಬ್ಬಕ್ಕೆ ತಳ್ಳುತ್ತವೆ. ಆಗ ನಷ್ಟವಾಗುವುದು ಸಾಲ ಮಾಡಿ ಕೊಂಡ ಯಂತ್ರವೊಂದೇ ಅಲ್ಲ. ಬೋಟಿನಲ್ಲಿರುವ ತಂಡೇಲನ ಮತ್ತು ಅವನ ಸಂಗಡಿಗರ ಪ್ರಾಣಕ್ಕೇ ಕುತ್ತು.

ನಮ್ಮ ಮನೆಯಂಗಳಕ್ಕೆ

ಬಯಲುಸೀಮೆಯ ಟಿಲ್ಲರು, ಡೀಸೆಲ್ ಪಂಪು, ಪೇಟೆಯ ಕಾರು, ಸ್ಕೂಟರುಗಳಿಗೂ ಇದೇ ನಿಯಮ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ವಾಹನಗಳ ಬ್ಯಾಟರಿ ಸತ್ತುದನ್ನು ಕಂಡವರು ಬಹಳ ಮಂದಿ. ಹೆಚ್ಚು ಕಾಲ ನಿಲ್ಲಿಸುವುದಾದರೆ ಎಣ್ಣೆಯನ್ನು ಬದಲಿಸಿ, ಡೀಸೆಲ್ ಟ್ಯಾಂಕನ್ನು ತುಂಬಿಸಿ, ಬ್ಯಾಟರಿಯ ತಂತಿಯನ್ನು ಬಿಡಿಸಬೇಕು. ಬರಿಯ ನೀರು ಹಾಕುವ ಟಿಲ್ಲರಿನಿಂದ ಅದನ್ನು ಪೂರ್ತಿ ಹರಿಸಬೇಕು. ವಾರಕ್ಕೊಮ್ಮೆ ಒಂದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ರೂಢಿಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಇಂಧನ ಉರಿದಾಗ ಹುಟ್ಟಿದ ಹಬೆ ಹೊರಹೋಗುವಷ್ಟು ಎಂಜಿನು ಕಾಯದೆ, ಅದು ಒಳಗೇ ನೀರಾಗಿ ಉಳಿಯುತ್ತದೆ. ನಡೆಸುವುದಾದರೆ ಬಯಲಿನಲ್ಲಿ ನಿಲ್ಲಿಸಿ, ಚೆನ್ನಾಗಿ ಬಿಸಿಯಾಗುವವರೆಗೆ ನಡೆಸಬೇಕು.

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎನ್ನುತ್ತಾರೆ. ಯಂತ್ರಕ್ಕೆ ಅಂಥ ನಿದ್ದೆಯಿಲ್ಲ. ಅದು ಮಲಗುವ ಮುನ್ನ ಯಾರಾದರೊಬ್ಬರು ಅದಕ್ಕಾಗಿ ಚಿಂತಿಸಬೇಕು. ಉತ್ತು ಮುಗಿದ ಮೇಲೆ ನೇಗಿಲಿನ ಮಣ್ಣನ್ನು ತೊಳೆದು ಒಣಗಿಸಿ ಒಳಗಿಡುತ್ತಿದ್ದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಈ ಬಾರಿ ಆಯುಧಪೂಜೆಯ ದಿನ ವಾಹನಕ್ಕೆ ಕುಂಕುಮವಿಡುವಾಗ, ಅದರ ಎಣ್ಣೆಯ ಬಣ್ಣವನ್ನೂ ಒಮ್ಮೆ ನೋಡಿದರೆ ಪೂಜೆ ಸಾಂಗವಾಯಿತೆನ್ನಬಹುದು.