ಇಗರ್ಜಿಗಳಲ್ಲಿ ರಾಷ್ಟ್ರಚಿಹ್ನೆ

ಮುನಿರ್ಕಾ, ರಾಮಕೃಷ್ಣಪುರಂಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಅನತಿದೂರದ ದೆಹಲಿ ದಂಡುಪ್ರದೇಶದಲ್ಲಿ ಸಂತ ಮಾರ್ಟಿನ್ನನ ಇಗರ್ಜಿಯಿದೆ. ಆರ್ಥರ್ ಶೂಸ್ಮಿತ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1930ರ ಸುಮಾರಿಗೆ ಎದ್ದುನಿಂತ ಈ ಇಟ್ಟಿಗೆಯ ಕಟ್ಟಡವನ್ನು ದೂರದಿಂದ ನೋಡಿದವರು ಕೋಟೆಯೆಂದೇ ಭ್ರಮಿಸುವರು. ಭ್ರಮೆ ಸಂಪೂರ್ಣ ಸುಳ್ಳೂ ಅಲ್ಲ. ಅದು ಸೈನಿಕರಿಗಾಗಿಯೇ ಕಟ್ಟಿದ ಆಲಯ. ಬೆಂಗಳೂರು ದಂಡಿನ ಹೋಲಿ ಟ್ರಿನಿಟಿ ಇಗರ್ಜಿಯೂ ಇದೇ ಕುಲದ್ದು. ಅದರ ಗೋಡೆಗಳಲ್ಲಿ ಬ್ರಿಟಿಷ್ ಸೇನಾನಿಗಳ ಸ್ಮಾರಕಫಲಕಗಳು ಇಂದಿಗೂ ಇವೆ.

ಆಂಗ್ಲರ ಸಂಪ್ರದಾಯದಲ್ಲಿ ರಾಜ್ಯಕ್ಕೂ ಇಗರ್ಜಿಗೂ ನಡುವೆ ಗೋಡೆಯಿರಲಿಲ್ಲ. ಸೈನ್ಯದ ಪಡೆಯೊಂದು ಹೊಸ ಧ್ವಜವನ್ನು ಪಡೆದಾಗ ಹಳೆಯದನ್ನು ಇಗರ್ಜಿಯೊಳಗೆ ತೂಗುಹಾಕುವುದು ವಾಡಿಕೆ. ಪಾದ್ರಿಯ ಆಶೀರ್ವಾದ ಪಡೆದ ಧ್ವಜವಾದುದರಿಂದ ಅದನ್ನು ಬಿಸುಡುವಂತಿಲ್ಲ; ಎಳೆಯೆಳೆಯಾಗಿ ಜೀರ್ಣವಾಗುವವರೆಗೂ ಅಲ್ಲಿಯೇ ಇರಬೇಕು. ಇಂಗ್ಲೆಂಡಿನಲ್ಲಿ ಈ ಪದ್ಧತಿ ಈಗಲೂ ಉಳಿದಿದೆ.

ಭಾರತವು ಗಣರಾಜ್ಯವಾದೊಡನೆ ಕಠಿನವಾದ ಪ್ರಶ್ನೆಯೊಂದು ಎದುರಾಯಿತು. ಭಾರತೀಯ ಪಡೆಗಳು ಹೊತ್ತಿದ್ದ, ಆಂಗ್ಲ ದೊರೆಯ ಹೆಸರಿನ ಧ್ವಜಗಳ ಗತಿಯೇನು? ಹಿಂದೂ, ಮುಸ್ಲಿಂ, ಸಿಖ್ ಯೋಧರು ಅವುಗಳ ಕೆಳಗೆ ಪ್ರಾಣ ತೆತ್ತಿದ್ದರು. ಅವನ್ನು 1950ರ ನವೆಂಬರ್ 23ರಂದು ಡೆಹರಾಡೂನಿನ ಸೈನಿಕ ಅಕಾಡೆಮಿಯ ಚೆಟ್‌ವುಡ್ ಭವನದಲ್ಲಿ ಗೌರವಪೂರ್ವಕವಾಗಿ ಇರಿಸಲಾಯಿತು. ಯಾವ ಮತದ ಆಲಯವೂ ಅಲ್ಲದ ಸಭಾಂಗಣವು ಇದಕ್ಕೆ ಒದಗಿದುದು ಗಮನಾರ್ಹ. ಹೊಸ ರಾಜ್ಯದ ಸ್ವರೂಪವನ್ನು ಅನೇಕ ಭಾಷಣಗಳಿಗಿಂತ ಈ ಒಂದು ಕಾರ್ಯವೇ ಸ್ಪಷ್ಟವಾಗಿ ತೋರಿಸುತ್ತದೆ.

ಇಂದು ಇಗರ್ಜಿಗಳಲ್ಲಿ ತ್ರಿವರ್ಣ ಧ್ವಜವು ಏರುವುದು ಸಾಮಾನ್ಯವಾಗಿ ಅಂಗಳದಲ್ಲಿ, ಬಲಿಪೀಠದ ಬಳಿಯಲ್ಲಲ್ಲ. ಕಥೋಲಿಕರಿಗೆ ಆಗಸ್ಟ್ 15 ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಆಗಿರುವುದರಿಂದ, ಪೂಜೆ ಮುಗಿಸಿ ಹೊರಬಂದ ಜನರೇ ಧ್ವಜವಂದನೆಗೆ ನಿಲ್ಲುತ್ತಾರೆ. ಇದು ಕಾಕತಾಳೀಯವಾದರೂ ಸೊಗಸಾದುದು. ಅಮೆರಿಕದ ಹಲವು ಇಗರ್ಜಿಗಳಲ್ಲಿ ರಾಷ್ಟ್ರಧ್ವಜವು ಒಳಗೆ, ಪೀಠದ ಪಕ್ಕದಲ್ಲಿಯೇ ನಿಂತಿರುತ್ತದೆ. ಅಲ್ಲಿಯ ಕಥೋಲಿಕ ಧರ್ಮಾಧ್ಯಕ್ಷರು ಅದನ್ನು ಗರ್ಭಭಾಗದಿಂದ ಹೊರಗಿಡುವುದೇ ಲೇಸೆಂದು ಸೂಚಿಸಿದ್ದಾರೆ. ದೇವರಿಗೆ ಸಲ್ಲುವ ಆರಾಧನೆ ಬೇರೆ, ದೇಶಕ್ಕೆ ಸಲ್ಲುವ ಗೌರವ ಬೇರೆ ಎಂಬುದು ಇದರ ತಾತ್ಪರ್ಯ. ಅಂಗಳದ ಧ್ವಜವನ್ನು ಅಲ್ಪನಿಷ್ಠೆಯ ಗುರುತೆಂದು ಶಂಕಿಸುವವರು ಈ ಭೇದವನ್ನು ಅರಿಯರು. 2020ರ ಜನವರಿ 26ರಂದು, ಪೌರತ್ವ ಕಾಯಿದೆಯ ವಿವಾದ ಉರಿಯುತ್ತಿದ್ದಾಗ, ಕೇರಳದ ಲ್ಯಾಟಿನ್ ಕಥೋಲಿಕ ಇಗರ್ಜಿಗಳಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಲಾಯಿತು. ಅಲ್ಲಿ ರಾಷ್ಟ್ರಚಿಹ್ನೆಯು ನಿಷ್ಠೆಯ ಪ್ರಮಾಣಪತ್ರವಾಗಿರದೆ ಹಕ್ಕಿನ ನೆನಪಾಗಿ ಬಂದಿತು.

ಕಾನೂನಿನ ಮಾತು ಸರಳ. 2002ರ ಧ್ವಜಸಂಹಿತೆಯು ಖಾಸಗಿ ಸಂಸ್ಥೆಗಳಿಗೂ ಧ್ವಜಾರೋಹಣಕ್ಕೆ ಅವಕಾಶವಿತ್ತಿದೆ. ಆದರೆ ಸಭೆಯ ಸ್ವಂತ ಧ್ವಜವು ಅದರ ಮೇಲಾಗಲಿ ಸರಿಸಮನಾಗಿ ಪಕ್ಕದಲ್ಲಾಗಲಿ ಹಾರಬಾರದು, ಹರಿದುದನ್ನು ಪ್ರದರ್ಶಿಸಲೂಬಾರದು. ನೂಲುನೂಲಾಗಿ ಜೋಲುತ್ತಿದ್ದ ಆ ಹಳೆಯ ಪಡೆಧ್ವಜಗಳ ಕಲ್ಪನೆಗೆ ಇದು ನೇರ ವಿರುದ್ಧ. ಅಶೋಕನ ಸಿಂಹಲಾಂಛನವಾದರೋ 2005ರ ಅಧಿನಿಯಮ ಹಾಗೂ 2007ರ ನಿಯಮಗಳ ಪ್ರಕಾರ ಸರಕಾರದ ಮುದ್ರೆ. ಅದನ್ನು ಧ್ವಜಸ್ತಂಭದ ಕಟ್ಟೆಯ ಮೇಲೆ ಸ್ವೇಚ್ಛೆಯಿಂದ ಕೆತ್ತಿಸಲು ಇಗರ್ಜಿಗೆ ಅಧಿಕಾರವಿಲ್ಲ, ಗುಡಿಗೂ ಇಲ್ಲ, ಮಸೀದಿಗೂ ಇಲ್ಲ.